ನಿಮ್ಮ ಬೋರ್ಡಿನ ಡಿಕೆ ನೀವೇ ಅಳೆಯಿರಿ: ರಿಂಗ್ ರೆಸೊನೇಟರ್ ವಿಧಾನ, ಹಂತ ಹಂತವಾಗಿ

ಎಫ್‌ಆರ್‌4 (ಗಾಜಿನ ಬಟ್ಟೆ ಮತ್ತು ರೆಸಿನ್‌ನಿಂದಾದ ಸಾಮಾನ್ಯ ಸರ್ಕ್ಯೂಟ್ ಬೋರ್ಡ್ ವಸ್ತು) ಬೋರ್ಡಿಗೆ ಸಿಮ್ಯುಲೇಟರ್‌ನಲ್ಲಿ ಡಿಕೆ, ಅಂದರೆ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್, ಎಷ್ಟು ಕೊಡಬೇಕು? 4.2? 4.4? ಅಥವಾ 4.7? ಪ್ಯಾಚ್ ಆಂಟೆನಾ, ಫಿಲ್ಟರ್, ಕಪ್ಲರ್ ವಿನ್ಯಾಸಕ್ಕೆ ಕೈಹಾಕಿದ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಮೂರೂ ಅಂಕಿಗಳು ಯಾವುದೋ ಒಂದು ಬೋರ್ಡಿಗೆ, ಯಾವುದೋ ಒಂದು ಫ್ರೀಕ್ವೆನ್ಸಿಯಲ್ಲಿ ಸರಿಯೇ. ನಿಮ್ಮ ಕೈಯಲ್ಲಿರುವ ಬೋರ್ಡಿಗೆ ಯಾವುದು ಸರಿ ಎಂಬುದು ಅಳೆದರಷ್ಟೇ ಗೊತ್ತಾಗುತ್ತದೆ. ಬೋರ್ಡಿನ ಮೇಲೆ ಉಂಗುರಾಕಾರದ ಟ್ರೇಸ್ ಮಾಡಿಸಿ, ಅದು ಯಾವ ಫ್ರೀಕ್ವೆನ್ಸಿಗಳಲ್ಲಿ ಅನುರಣಿಸುತ್ತದೆ ಎಂದು ನೋಡಿ ಡಿಕೆ ಲೆಕ್ಕ ಹಾಕುವುದೇ ರಿಂಗ್ ರೆಸೊನೇಟರ್ ವಿಧಾನ. ಒಂದು ಸಣ್ಣ ಪರೀಕ್ಷಾ ಬೋರ್ಡ್, ಒಂದು ವೆಕ್ಟರ್ ನೆಟ್‌ವರ್ಕ್ ಅನಲೈಸರ್ (ವಿಎನ್‌ಎ: ಸಂಕೇತ ಕಳಿಸಿ, ದಾಟಿದ್ದನ್ನೂ ಮರಳಿದ್ದನ್ನೂ ಅಳೆಯುವ ಉಪಕರಣ), ನಾಲ್ಕೈದು ಸೂತ್ರ ಇದ್ದರೆ ಶೇಕಡಾ ಒಂದರಷ್ಟು ನಿಖರತೆ ಸಿಗುತ್ತದೆ.

ಇಷ್ಟು ಶ್ರಮ ಯಾಕೆ? 2.45 ಗಿಗಾಹರ್ಟ್ಸ್‌ನ ಪ್ಯಾಚ್ ಆಂಟೆನಾವನ್ನೇ ತೆಗೆದುಕೊಳ್ಳಿ. ಅದರ ಅನುರಣನದ ಫ್ರೀಕ್ವೆನ್ಸಿ ಹೆಚ್ಚುಕಡಿಮೆ ಡಿಕೆಯ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ. 4.4 ಎಂದು ನಂಬಿ ವಿನ್ಯಾಸ ಮಾಡಿ, ಬೋರ್ಡಿನ ನಿಜವಾದ ಡಿಕೆ 4.2 ಇದ್ದರೆ ಆಂಟೆನಾ ಸುಮಾರು 50 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತದೆ. 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಇಡೀ ಬ್ಯಾಂಡ್ ಇರುವುದೇ 83.5 ಮೆಗಾಹರ್ಟ್ಸ್ ಅಗಲ. ಎಫ್‌ಆರ್‌4 ಮೇಲಿನ ಸಾಮಾನ್ಯ ಪ್ಯಾಚ್‌ಗೆ ಸಿಗುವುದು ಕೆಲವು ಹತ್ತು ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಮಾತ್ರ. ಅಂದರೆ ಆಂಟೆನಾ ಬ್ಯಾಂಡಿನ ಅಂಚಿಗೋ ಆಚೆಗೋ ಹೋಗಿ ಕೂರುತ್ತದೆ.

ಮೊದಲು ತಿಳಿದಿರಬೇಕಾದ ನಾಲ್ಕು ಮಾತು

ಡಿಕೆ ಅಂದರೆ ಸಾಪೇಕ್ಷ ಪರ್ಮಿಟಿವಿಟಿ: ನಿರ್ವಾತಕ್ಕೆ ಹೋಲಿಸಿದರೆ ವಸ್ತು ಎಷ್ಟು ಪಟ್ಟು ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಅಂಕಿ. ಗಾಳಿಗೆ ಬಹುತೇಕ 1, ಟೆಫ್ಲಾನ್‌ಗೆ ಸುಮಾರು 2.1, ಅಲ್ಯುಮಿನಾಕ್ಕೆ 9.8ರ ಆಸುಪಾಸು, ಕೋಣೆಯ ತಾಪಮಾನದ ನೀರಿಗೆ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಸುಮಾರು 80.

ಲಾಸ್ ಟ್ಯಾಂಜೆಂಟ್ ಅಂದರೆ ಹಿಡಿದಿಟ್ಟ ಶಕ್ತಿಗೆ ಹೋಲಿಸಿದಾಗ ವಸ್ತುವಿನಲ್ಲಿ ಶಾಖವಾಗಿ ಹೋಗುವ ಶಕ್ತಿಯ ಪ್ರಮಾಣ. ಎಫ್‌ಆರ್‌4ಗೆ ಸುಮಾರು 0.02. ಮೈಕ್ರೊವೇವ್‌ಗೆಂದೇ ತಯಾರಿಸಿದ ಲ್ಯಾಮಿನೇಟುಗಳಲ್ಲಿ, ಅಂದರೆ ತಾಮ್ರ ಹಚ್ಚಿದ ಬೋರ್ಡ್ ಹಾಳೆಗಳಲ್ಲಿ, 0.001ರಿಂದ 0.004.

ಪರಿಣಾಮಿ ಡಿಕೆ: ಮೈಕ್ರೊಸ್ಟ್ರಿಪ್‌ನಲ್ಲಿ, ಅಂದರೆ ಕೆಳಗೆ ಪೂರ್ತಿ ಗ್ರೌಂಡ್ ಇರುವ ಬೋರ್ಡಿನ ಮೇಲಿನ ಟ್ರೇಸ್‌ನಲ್ಲಿ, ಕ್ಷೇತ್ರದ ಒಂದು ಭಾಗ ಬೋರ್ಡಿನೊಳಗೂ ಇನ್ನೊಂದು ಭಾಗ ಮೇಲಿನ ಗಾಳಿಯಲ್ಲೂ ಇರುತ್ತದೆ. ಅಲೆಗೆ ಕಾಣುವುದು ಇವೆರಡರ ನಡುವಿನ ಒಂದು ಅಂಕಿ. ಬೋರ್ಡಿನ ಡಿಕೆ 4.4 ಇದ್ದರೆ 50 ಓಮ್ ಟ್ರೇಸ್‌ನ ಪರಿಣಾಮಿ ಡಿಕೆ ಸುಮಾರು 3.3. ನೇರವಾಗಿ ಅಳತೆಗೆ ಸಿಗುವುದು ಇದೇ. ಇದರಿಂದ ಬೋರ್ಡಿನ ಡಿಕೆಯನ್ನು ಲೆಕ್ಕ ಹಾಕಿ ತೆಗೆಯಬೇಕು.

ಕ್ಯೂ ಅಂದರೆ ಅನುರಣನ ಎಷ್ಟು ಚೂಪಾಗಿದೆ ಎಂಬ ಅಳತೆ. ಶಿಖರದ ಫ್ರೀಕ್ವೆನ್ಸಿಯನ್ನು ಅದರ 3 ಡೆಸಿಬಲ್ ಅಗಲದಿಂದ ಭಾಗಿಸಿದರೆ ಕ್ಯೂ ಬರುತ್ತದೆ.

ರಿಂಗ್ ಯಾಕೆ?

ಅರ್ಧ ತರಂಗಾಂತರದ ನೇರ ಟ್ರೇಸ್ ಕೂಡ ಅನುರಣಿಸುತ್ತದೆ. ಆದರೆ ಅದರ ಎರಡೂ ತುದಿಗಳಲ್ಲಿ ಕ್ಷೇತ್ರ ಹೊರಚಾಚುವುದರಿಂದ ಟ್ರೇಸ್ ತನ್ನ ಅಳತೆಗಿಂತ ಉದ್ದವಿದ್ದಂತೆ ವರ್ತಿಸುತ್ತದೆ. ಎಷ್ಟು ಉದ್ದ ಎಂದು ತಿಳಿಯಲು ಡಿಕೆ ಬೇಕು. ನಾವು ಹುಡುಕುತ್ತಿರುವುದೂ ಅದನ್ನೇ. ಉಂಗುರಕ್ಕೆ ತುದಿಯೇ ಇಲ್ಲ, ಹಾಗಾಗಿ ಈ ತೊಡಕೂ ಇಲ್ಲ. 1969ರಲ್ಲಿ ಪಿ. ಟ್ರೌಟನ್ ಮೈಕ್ರೊಸ್ಟ್ರಿಪ್ ಅಳತೆಗೆ ರಿಂಗನ್ನು ಮುಂದಿಟ್ಟಾಗಿನಿಂದ ಅದು ಬಳಕೆಯಲ್ಲಿ ಉಳಿದಿರುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನೂ ಒಂದು ಲಾಭವಿದೆ. ಎಚಿಂಗ್ (ಬೇಡದ ತಾಮ್ರವನ್ನು ರಾಸಾಯನಿಕದಿಂದ ಕರಗಿಸುವುದು) ಹೆಚ್ಚಾದರೆ ಟ್ರೇಸ್‌ನ ಒಳ ಅಂಚು, ಹೊರ ಅಂಚು ಎರಡೂ ಸಮನಾಗಿ ಕರಗುತ್ತವೆ. ಅಗಲ ಕಡಿಮೆಯಾದರೂ ಸರಾಸರಿ ತ್ರಿಜ್ಯ ಬದಲಾಗುವುದಿಲ್ಲ. ಲೆಕ್ಕದಲ್ಲಿ ಅತಿ ಸೂಕ್ಷ್ಮವಾದ ಅಂಕಿಯೇ ತ್ರಿಜ್ಯವಾದ್ದರಿಂದ ಇದು ದೊಡ್ಡ ಅನುಕೂಲ.

ಬೇಕಾಗುವ ಸಾಮಗ್ರಿ

ಎರಡು ಪೋರ್ಟ್ ಇರುವ ವಿಎನ್‌ಎ ಬೇಕು. ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣವೂ ಸಾಕು, ಆದರೆ ಅದರ ಗರಿಷ್ಠ ಫ್ರೀಕ್ವೆನ್ಸಿ ನೋಡಿಕೊಳ್ಳಿ. 3 ಗಿಗಾಹರ್ಟ್ಸ್‌ವರೆಗಿನದಾದರೆ ಕೆಳಗಿನ ಉದಾಹರಣೆಯ ಮೊದಲ ಮೂರು ಶಿಖರಗಳು, 6 ಗಿಗಾಹರ್ಟ್ಸ್‌ನದಾದರೆ ಆರು ಶಿಖರಗಳು ಕಾಣುತ್ತವೆ. ಶಾರ್ಟ್, ಓಪನ್, ಲೋಡ್, ಥ್ರೂ ಇರುವ ಕ್ಯಾಲಿಬ್ರೇಶನ್ ಕಿಟ್, ಬೋರ್ಡಿನ ಅಂಚಿಗೆ ಕೂರುವ ಎಸ್‌ಎಂಎ ಕನೆಕ್ಟರುಗಳು, 0.01 ಮಿ.ಮೀ. ತೋರಿಸುವ ಸ್ಕ್ರೂ ಗೇಜ್, ಟ್ರೇಸ್ ಅಗಲ ನೋಡಲು ಅಳತೆಪಟ್ಟಿ ಇರುವ ಸೂಕ್ಷ್ಮದರ್ಶಕ ಅಥವಾ ಹೆಚ್ಚಿನ ರೆಸಲ್ಯೂಶನ್‌ನ ಸ್ಕ್ಯಾನರ್, ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್.

1. ಪರೀಕ್ಷಾ ಬೋರ್ಡ್ ವಿನ್ಯಾಸ

ಮುಂದೆ ನಿಮ್ಮ ನಿಜವಾದ ಸರ್ಕ್ಯೂಟ್ ಯಾವ ಲ್ಯಾಮಿನೇಟ್‌ನಲ್ಲಿ, ಯಾವ ದಪ್ಪದಲ್ಲಿ, ಯಾವ ತಾಮ್ರದೊಂದಿಗೆ ಬರುತ್ತದೋ ಅದೇ ಬೋರ್ಡಿನಲ್ಲಿ ಪರೀಕ್ಷೆಯೂ ಆಗಬೇಕು. ಎಫ್‌ಆರ್‌4 ಎಂಬುದು ಒಂದು ವರ್ಗದ ಹೆಸರು. ಒಳಗಿನ ಗಾಜಿನ ಬಟ್ಟೆಯ ಡಿಕೆ 6ಕ್ಕಿಂತ ಹೆಚ್ಚು, ರೆಸಿನ್‌ನದು 3ರ ಆಸುಪಾಸು. ಇವೆರಡರ ಪ್ರಮಾಣ ಬದಲಾದಂತೆ ಬೋರ್ಡಿನ ಡಿಕೆಯೂ ಬದಲಾಗುತ್ತದೆ. 1.6 ಮಿ.ಮೀ. ಬೋರ್ಡಿನಲ್ಲಿ ಸಿಕ್ಕ ಅಂಕಿಯನ್ನು 0.2 ಮಿ.ಮೀ. ಬೋರ್ಡಿಗೆ ಹಾಗೆಯೇ ಹಚ್ಚಬೇಡಿ.

ಉದಾಹರಣೆಗೆ 0.8 ಮಿ.ಮೀ. ಎಫ್‌ಆರ್‌4 ಇಟ್ಟುಕೊಳ್ಳೋಣ. 50 ಓಮ್‌ಗೆ ಟ್ರೇಸ್ ಅಗಲ ಸುಮಾರು 1.5 ಮಿ.ಮೀ. ರಿಂಗಿನ ಸರಾಸರಿ ತ್ರಿಜ್ಯ 30 ಮಿ.ಮೀ., ಅಂದರೆ ಪರಿಧಿ 188.50 ಮಿ.ಮೀ. ಡಿಕೆ 4.4 ಎಂದು ಅಂದಾಜಿಟ್ಟರೆ ಮೊದಲ ಅನುರಣನ 0.87 ಗಿಗಾಹರ್ಟ್ಸ್ ಹತ್ತಿರ ಬರುತ್ತದೆ. ಪರಿಧಿಯಲ್ಲಿ ಪೂರ್ಣ ತರಂಗಾಂತರಗಳು ಹಿಡಿಸಿದಾಗಲೆಲ್ಲ ರಿಂಗ್ ಅನುರಣಿಸುವುದರಿಂದ ಮುಂದಿನ ಶಿಖರಗಳು 1.74, 2.62, 3.49, 4.36, 5.23 ಗಿಗಾಹರ್ಟ್ಸ್ ಸುತ್ತಮುತ್ತ ಇರುತ್ತವೆ. ಒಂದೇ ಬೋರ್ಡಿನಲ್ಲಿ ಆರು ಫ್ರೀಕ್ವೆನ್ಸಿಗಳ ಅಳತೆ ಸಿಗುತ್ತದೆ.

ಟ್ರೇಸ್ ಅಗಲ ತ್ರಿಜ್ಯದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. ಅಗಲವಾದ ರಿಂಗಿನಲ್ಲಿ ಒಳ ಪರಿಧಿಗೂ ಹೊರ ಪರಿಧಿಗೂ ಅಂತರ ಹೆಚ್ಚಾಗಿ, ಸರಾಸರಿ ತ್ರಿಜ್ಯದ ಲೆಕ್ಕ ತಪ್ಪುತ್ತದೆ. ನಮ್ಮ ಉದಾಹರಣೆಯಲ್ಲಿ ಅನುಪಾತ 0.05, ಯೋಚನೆ ಬೇಡ.

ಎರಡು ಫೀಡ್ ಟ್ರೇಸ್‌ಗಳನ್ನು ರಿಂಗಿನ ಎದುರುಬದುರು, ಕರಾರುವಾಕ್ಕಾಗಿ 180 ಡಿಗ್ರಿ ಅಂತರದಲ್ಲಿ ಇಡಿ. ಫೀಡ್‌ಗೂ ರಿಂಗಿಗೂ ನಡುವೆ ಒಂದು ಸಂದು ಬಿಡಬೇಕು, ಸಂಕೇತ ಆ ಸಂದಿನ ಮೂಲಕ ಸ್ವಲ್ಪವೇ ಒಳಗೆ ಹೋಗಬೇಕು. ಒಂದೇ ಬೋರ್ಡಿನಲ್ಲಿ ತೃಪ್ತರಾಗದೆ 0.5 ಮಿ.ಮೀ. ಸಂದಿನ ಒಂದು ರಿಂಗ್, 1 ಮಿ.ಮೀ. ಸಂದಿನ ಇನ್ನೊಂದು ರಿಂಗ್ ಮಾಡಿಸಿ. ಕಾರಣ ನಾಲ್ಕನೇ ಹಂತದಲ್ಲಿದೆ.

100 × 80 ಮಿ.ಮೀ. ಬೋರ್ಡ್ ಸಾಕು. ಕೆಳಗೆ ಪೂರ್ತಿ ಗ್ರೌಂಡ್ ಇರಲಿ. ಫೈಲ್ ಕಳಿಸುವ ಮುನ್ನ ಈ ಮೂರನ್ನು ನೋಡಿಕೊಳ್ಳಿ:

ರಿಂಗಿನ ಮೇಲೆ ಸೋಲ್ಡರ್ ಮಾಸ್ಕ್ ಇರಕೂಡದು. ಹಸಿರು ಪದರವೂ ಒಂದು ಡೈಎಲೆಕ್ಟ್ರಿಕ್, ಅಂದರೆ ಬೋರ್ಡಿನಂತೆಯೇ ವಿದ್ಯುತ್ ಹರಿಯದ ವಸ್ತು. ಗಾಳಿ ಇರಬೇಕಾದ ಕಡೆ ಅದು ಕೂತರೆ ಪರಿಣಾಮಿ ಡಿಕೆ ಏರುತ್ತದೆ, ಸೂತ್ರಕ್ಕೆ ಅದರ ಅರಿವೇ ಇರುವುದಿಲ್ಲ.

ನಿಕಲ್–ಚಿನ್ನದ ಲೇಪನ ಬೇಡ. ನಿಕಲ್‌ನ ವಾಹಕತೆ ತಾಮ್ರಕ್ಕಿಂತ ಬಹಳ ಕಡಿಮೆ, ಜೊತೆಗೆ ಅದು ಕಾಂತೀಯವೂ ಹೌದು. ಟ್ರೇಸ್ ಅಂಚಿನಲ್ಲಿ ಹರಿಯುವ ಕರೆಂಟ್ ಅದರ ಮೂಲಕ ಹೋದಾಗ ನಷ್ಟ ಹೆಚ್ಚಿ, ಲಾಸ್ ಟ್ಯಾಂಜೆಂಟ್ ಕೆಟ್ಟದಾಗಿ ಕಾಣುತ್ತದೆ. ಬರಿ ತಾಮ್ರ ಅಥವಾ ಇಮ್ಮರ್ಶನ್ ಸಿಲ್ವರ್ ಉತ್ತಮ.

ಒಂದು ಮೂಲೆಯಲ್ಲಿ 10 × 10 ಮಿ.ಮೀ. ಜಾಗವನ್ನು ಎರಡೂ ಬದಿ ತಾಮ್ರವಿಲ್ಲದೆ, ಮಾಸ್ಕ್ ಇಲ್ಲದೆ ಬಿಡಿ. ದಪ್ಪ ಅಳೆಯುವುದು ಅಲ್ಲೇ.

2. ಬೋರ್ಡನ್ನು ಒಣಗಿಸಿ, ಅಳತೆ ತೆಗೆದುಕೊಳ್ಳಿ

ಎಫ್‌ಆರ್‌4 ಗಾಳಿಯ ತೇವ ಹೀರುತ್ತದೆ. ಹೀರಿದ ಪ್ರಮಾಣ ಅತ್ಯಲ್ಪವಾದರೂ ನೀರಿನ ಡಿಕೆ ಬೋರ್ಡಿನದಕ್ಕಿಂತ ಬಹಳ ಹೆಚ್ಚು, ನಷ್ಟ ಇನ್ನೂ ಹೆಚ್ಚು. ಕನೆಕ್ಟರ್ ಹಚ್ಚುವ ಮುನ್ನ ಬೋರ್ಡನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ತಾಸು ಒಣಗಿಸಿ, ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ತಣಿಯಲು ಬಿಡಿ. ಎಚಿಂಗ್ ಮಾಡಿ ತೊಳೆದ ಬೋರ್ಡನ್ನು ಹಾಗೆಯೇ ಅಳೆಯಲು ಹೋಗಬೇಡಿ.

ಈಗ ದಪ್ಪ. 0.8 ಮಿ.ಮೀ. ಎಂದು ತರಿಸಿದ ಬೋರ್ಡಿನಲ್ಲಿ ಆ 0.8 ಎಂಬುದು ಹಲವು ಸಲ ತಾಮ್ರವನ್ನೂ ಸೇರಿಸಿದ ಒಟ್ಟು ದಪ್ಪ. ಎರಡು ಬದಿಯ 35 ಮೈಕ್ರಾನ್ ತಾಮ್ರ ಕಳೆದರೆ ಡೈಎಲೆಕ್ಟ್ರಿಕ್ ಉಳಿಯುವುದು 0.73 ಮಾತ್ರ. ತಾಮ್ರವಿಲ್ಲದ ಮೂಲೆಯಲ್ಲಿ ನಾಲ್ಕೈದು ಕಡೆ ಸ್ಕ್ರೂ ಗೇಜ್ ಹಿಡಿದು ಸರಾಸರಿ ತೆಗೆಯಿರಿ.

ಟ್ರೇಸ್ ಅಗಲವನ್ನು ರಿಂಗಿನ ಸುತ್ತ ಎಂಟು ಕಡೆ ನೋಡಿ. ಎಚಿಂಗ್ ಆದ ಟ್ರೇಸ್‌ನ ಅಡ್ಡಕೊಯ್ತ ಮೇಲೆ ಕಿರಿದು, ಬುಡದಲ್ಲಿ ಅಗಲ. ಎರಡರ ಸರಾಸರಿ ತೆಗೆದುಕೊಳ್ಳಿ. ಒಳವ್ಯಾಸ, ಹೊರವ್ಯಾಸ ಎರಡನ್ನೂ ಅಳೆದು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಸರಾಸರಿ ತ್ರಿಜ್ಯ.

ಯಾವ ಅಳತೆ ಎಷ್ಟು ಮುಖ್ಯ ಎಂಬುದು ಗೊತ್ತಿದ್ದರೆ ಶ್ರಮ ಸರಿಯಾದ ಕಡೆ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ತ್ರಿಜ್ಯ 0.1 ಮಿ.ಮೀ. ತಪ್ಪಿದರೆ ಡಿಕೆ 0.03 ತಪ್ಪುತ್ತದೆ. ಅಗಲ 1.5ರ ಬದಲು 1.4 ಇದ್ದರೆ ಅದೂ ಸುಮಾರು 0.03. ದಪ್ಪ 0.80ರ ಬದಲು 0.76 ಇದ್ದರೆ 0.02. ಒಂದೊಂದೂ ಚಿಕ್ಕದು. ಮೂರೂ ಒಂದೇ ದಿಕ್ಕಿಗೆ ಸೇರಿದರೆ ಮಾತ್ರ 4.38 ಇದ್ದದ್ದು 4.46 ಆಗಿಬಿಡುತ್ತದೆ.

3. ಕನೆಕ್ಟರ್ ಮತ್ತು ಕ್ಯಾಲಿಬ್ರೇಶನ್

ಎಸ್‌ಎಂಎ ಕನೆಕ್ಟರಿನ ನಡುವಿನ ಪಿನ್ ಟ್ರೇಸ್ ಮೇಲೆ ಸಮತಟ್ಟಾಗಿ ಕೂರಲಿ, ಗ್ರೌಂಡ್ ಕಾಲುಗಳಿಗೆ ಎರಡೂ ಬದಿ ಬೆಸುಗೆ ಹಾಕಿ. ಫ್ಲಕ್ಸ್ ಉಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಆರಲು ಬಿಡಿ. ಫೀಡ್ ಸಂದಿನಲ್ಲಿ ಫ್ಲಕ್ಸ್ ಕೂತಿದ್ದರೆ ಕಪ್ಲಿಂಗ್ ಬದಲಾಗುತ್ತದೆ.

ಕೇಬಲ್‌ಗಳ ತುದಿಯಲ್ಲಿ ಶಾರ್ಟ್, ಓಪನ್, ಲೋಡ್, ಥ್ರೂ ಕ್ಯಾಲಿಬ್ರೇಶನ್ ಮಾಡಿ. ಶಿಖರದ ಫ್ರೀಕ್ವೆನ್ಸಿಗೆ ಕ್ಯಾಲಿಬ್ರೇಶನ್ ಅಷ್ಟೇನೂ ನಿರ್ಣಾಯಕವಲ್ಲ. ಶಿಖರದ ಎತ್ತರಕ್ಕೆ, ಆ ಮೂಲಕ ಕ್ಯೂ ತಿದ್ದುಪಡಿಗೆ, ಬೇಕೇ ಬೇಕು. ಕ್ಯಾಲಿಬ್ರೇಶನ್ ಆದಮೇಲೆ ಕೇಬಲ್ ಬಗ್ಗಿಸಬೇಡಿ.

4. ಶಿಖರಗಳನ್ನು ಹಿಡಿಯಿರಿ

ಎಸ್21 ನೋಡಿ, ಅಂದರೆ ಮೊದಲ ಪೋರ್ಟಿನಿಂದ ಎರಡನೆಯದಕ್ಕೆ ಎಷ್ಟು ದಾಟುತ್ತದೆ ಎಂಬುದು. ಮೊದಲು ಪೂರ್ಣ ಶ್ರೇಣಿಯ ಸ್ವೀಪ್ ಮಾಡಿ ಶಿಖರಗಳು ಎಲ್ಲೆಲ್ಲಿ ಇವೆ ಎಂದು ಗುರುತು ಹಾಕಿಕೊಳ್ಳಿ. ಆದರೆ ಆ ಸ್ವೀಪ್‌ನಿಂದಲೇ ಫ್ರೀಕ್ವೆನ್ಸಿ ಓದಬೇಡಿ. 3 ಗಿಗಾಹರ್ಟ್ಸ್ ಅಗಲದ ಸ್ವೀಪ್‌ನಲ್ಲಿ 101 ಬಿಂದುಗಳಿದ್ದರೆ ಒಂದೊಂದು ಬಿಂದುವಿಗೂ 30 ಮೆಗಾಹರ್ಟ್ಸ್ ಅಂತರ. ಎಫ್‌ಆರ್‌4 ರಿಂಗಿನ ಶಿಖರದ 3 ಡೆಸಿಬಲ್ ಅಗಲವೇ 60 ಮೆಗಾಹರ್ಟ್ಸ್ ಇರುವಾಗ ಅದರ ನೆತ್ತಿ ಎರಡು ಬಿಂದುಗಳ ನಡುವೆ ತಪ್ಪಿಹೋಗುತ್ತದೆ. ಪ್ರತಿ ಶಿಖರಕ್ಕೂ ಪ್ರತ್ಯೇಕವಾಗಿ 200 ಮೆಗಾಹರ್ಟ್ಸ್ ಅಗಲದ ಸ್ವೀಪ್ ಇಟ್ಟು, ಆ ಶ್ರೇಣಿಗೆ ಮತ್ತೆ ಕ್ಯಾಲಿಬ್ರೇಟ್ ಮಾಡಿ ಅಳೆಯಿರಿ. ಐಎಫ್ ಬ್ಯಾಂಡ್‌ವಿಡ್ತ್ (ವಿಎನ್‌ಎ ಒಳಗಿನ ಫಿಲ್ಟರಿನ ಅಗಲ) 1 ಕಿಲೋಹರ್ಟ್ಸ್ ಅಥವಾ ಕಡಿಮೆ ಇಟ್ಟರೆ ಗದ್ದಲ ತಗ್ಗುತ್ತದೆ.

ಶಿಖರದ ಎತ್ತರ ಮೈನಸ್ 25ರಿಂದ ಮೈನಸ್ 40 ಡೆಸಿಬಲ್ ಒಳಗಿದ್ದರೆ ಒಳ್ಳೆಯದು. ಮೈನಸ್ 15ರಷ್ಟು ಎತ್ತರವಿದ್ದರೆ ಸಂದು ತುಂಬ ಕಿರಿದಾಗಿದೆ ಎಂದರ್ಥ: ಫೀಡ್ ಟ್ರೇಸ್ ರಿಂಗಿಗೆ ಹೆಚ್ಚುವರಿ ಕೆಪಾಸಿಟೆನ್ಸ್ ಹೇರಿ ಫ್ರೀಕ್ವೆನ್ಸಿಯನ್ನು ಕೆಳಕ್ಕೆ ಎಳೆಯುತ್ತಿದೆ. ಹೀಗೆ ಎಳೆದರೆ ಡಿಕೆ ಸುಳ್ಳಾಗಿ ಹೆಚ್ಚು ಬರುತ್ತದೆ. ಎರಡು ಸಂದಿನ ಎರಡು ರಿಂಗ್ ಮಾಡಿಸಿದ್ದು ಇದಕ್ಕೇ. 0.5 ಮಿ.ಮೀ. ಸಂದಿನ ರಿಂಗಿಗೂ 1 ಮಿ.ಮೀ.ನದಕ್ಕೂ ಶಿಖರ ಒಂದೆರಡು ಮೆಗಾಹರ್ಟ್ಸ್ ಒಳಗೆ ಕೂಡಿಬಂದರೆ ಎಳೆತ ನಗಣ್ಯ. ಅದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ದೊಡ್ಡ ಸಂದಿನ ಅಂಕಿಯನ್ನು ನಂಬಿ.

ಒಂದು ಶಿಖರದ ಜಾಗದಲ್ಲಿ ಅಕ್ಕಪಕ್ಕ ಎರಡು ಕಂಡರೆ ರಿಂಗ್ ಎಲ್ಲೋ ಸಮಮಿತಿ ಕಳೆದುಕೊಂಡಿದೆ. ಟ್ರೇಸ್‌ನಲ್ಲಿ ಕಚ್ಚು, ಅಂಟಿಕೊಂಡ ಬೆಸುಗೆಯ ಹನಿ ಅಥವಾ ಸರಿಯಾಗಿ ಎದುರುಬದುರು ಇಲ್ಲದ ಫೀಡ್ ಇದಕ್ಕೆ ಕಾರಣ. ಸರಾಸರಿ ತೆಗೆದು ಮುಂದೆ ಹೋಗಬೇಡಿ, ಬೋರ್ಡ್ ಬದಲಿಸಿ.

ಅಳೆಯುವಾಗ ಕೈ, ಉಪಕರಣ, ಲೋಹದ ಮುಚ್ಚಳ ರಿಂಗಿನಿಂದ ದೂರವಿರಲಿ. ಕೋಣೆಯ ತಾಪಮಾನ ಬರೆದಿಟ್ಟುಕೊಳ್ಳಿ, ಎಫ್‌ಆರ್‌4ನ ಡಿಕೆ ತಾಪದೊಂದಿಗೆ ಏರುತ್ತದೆ.

5. ಫ್ರೀಕ್ವೆನ್ಸಿಯಿಂದ ಡಿಕೆಗೆ

ಮೂರನೇ ಶಿಖರ 2.631 ಗಿಗಾಹರ್ಟ್ಸ್‌ನಲ್ಲಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಅಳತೆಗಳು: ದಪ್ಪ 0.80, ಅಗಲ 1.50, ಪರಿಧಿ 188.50 ಮಿ.ಮೀ., ತಾಮ್ರ 0.035 ಮಿ.ಮೀ. ಶಿಖರದ ಕ್ರಮಸಂಖ್ಯೆಯನ್ನು ‘ನ’ ಎನ್ನೋಣ. ಉದ್ದ ಮಿ.ಮೀ.ನಲ್ಲಿ, ಫ್ರೀಕ್ವೆನ್ಸಿ ಗಿಗಾಹರ್ಟ್ಸ್‌ನಲ್ಲಿ ಇದ್ದರೆ ಬೆಳಕಿನ ವೇಗಕ್ಕೆ 299.79 ಎಂದು ಹಾಕಿದರೆ ಸಾಕು.

ಪರಿಣಾಮಿ ಡಿಕೆ = [ ನ × 299.79 ÷ (ಪರಿಧಿ × ಫ್ರೀಕ್ವೆನ್ಸಿ) ]²
= [ 3 × 299.79 ÷ (188.50 × 2.631) ]² = 1.8135² = 3.289

‘ನ’ ತಪ್ಪು ಹಾಕಿದರೆ ಉತ್ತರ ಅಸಂಬದ್ಧವಾಗುತ್ತದೆ, ಮೂರರ ಬದಲು ನಾಲ್ಕು ಹಾಕಿದರೆ 5.8 ಬರುತ್ತದೆ. ಅನುಮಾನವಿದ್ದರೆ ಪಕ್ಕಪಕ್ಕದ ಎರಡು ಶಿಖರಗಳ ಅಂತರ ನೋಡಿ. ಅದೇ ಮೊದಲ ಶಿಖರದ ಫ್ರೀಕ್ವೆನ್ಸಿ.

ತಾಮ್ರಕ್ಕೆ ದಪ್ಪ ಇರುವುದರಿಂದ ಟ್ರೇಸ್‌ನ ಪಕ್ಕದ ಗೋಡೆಗಳಿಂದಲೂ ಕ್ಷೇತ್ರ ಗಾಳಿಗೆ ಹೋಗುತ್ತದೆ, ಪರಿಣಾಮಿ ಡಿಕೆ ಸ್ವಲ್ಪ ತಗ್ಗುತ್ತದೆ. ಆ ತಗ್ಗಿದ್ದನ್ನು ಮರಳಿ ಕೂಡಿಸಬೇಕು:

ತಿದ್ದುಪಡಿ = (ಡಿಕೆ − 1) ÷ 4.6 × (ತಾಮ್ರದ ದಪ್ಪ ÷ ಬೋರ್ಡ್ ದಪ್ಪ) ÷ √(ಅಗಲ ÷ ಬೋರ್ಡ್ ದಪ್ಪ)

ಇಲ್ಲಿ ಡಿಕೆಗೆ 4.35ರಂಥ ಅಂದಾಜು ಸಾಕು. ಉತ್ತರ 0.023. ಕೂಡಿಸಿದರೆ ಪರಿಣಾಮಿ ಡಿಕೆ 3.312.

ಈಗ ಹ್ಯಾಮರ್‌ಸ್ಟಾಡ್ ಸೂತ್ರವನ್ನು ತಿರುಗಿಸಿ ಬರೆಯೋಣ. ಅಗಲ ದಪ್ಪಕ್ಕಿಂತ ಹೆಚ್ಚಿದ್ದಾಗ ಇದು ಅನ್ವಯ:

ಕ = 1 ÷ √(1 + 12 × ದಪ್ಪ ÷ ಅಗಲ) = 1 ÷ √7.4 = 0.3676
ಡಿಕೆ = (2 × ಪರಿಣಾಮಿ ಡಿಕೆ − 1 + ಕ) ÷ (1 + ಕ) = 5.992 ÷ 1.3676 = 4.38

ತಾಮ್ರದ ತಿದ್ದುಪಡಿ ಬಿಟ್ಟಿದ್ದರೆ 4.35 ಬರುತ್ತಿತ್ತು. ಬೋರ್ಡ್ ತೆಳ್ಳಗಾದಷ್ಟೂ ಈ ಅಂತರ ಹಿಗ್ಗುತ್ತದೆ.

6. ಡಿಸ್ಪರ್ಶನ್ ಕಳೆಯಿರಿ

ಅತಿ ಹೆಚ್ಚು ಜನ ಎಡವುವ ಜಾಗ ಇದು. ಮೇಲಿನ ಸೂತ್ರ ಕಡಿಮೆ ಫ್ರೀಕ್ವೆನ್ಸಿಗೆ ಬರೆದದ್ದು. ಫ್ರೀಕ್ವೆನ್ಸಿ ಏರಿದಂತೆ ಮೈಕ್ರೊಸ್ಟ್ರಿಪ್‌ನ ಕ್ಷೇತ್ರ ಗಾಳಿಯನ್ನು ಬಿಟ್ಟು ಬೋರ್ಡಿನೊಳಗೆ ಸೇರುತ್ತ ಹೋಗುತ್ತದೆ, ಪರಿಣಾಮಿ ಡಿಕೆ ತಾನಾಗಿ ಏರುತ್ತದೆ. ಇದಕ್ಕೆ ಡಿಸ್ಪರ್ಶನ್ ಎನ್ನುತ್ತಾರೆ. ವಸ್ತು ಬದಲಾಗಿಲ್ಲ, ಕ್ಷೇತ್ರದ ಹಂಚಿಕೆ ಬದಲಾಗಿದೆ. ಇದನ್ನು ಕಳೆಯದಿದ್ದರೆ ಏರಿಕೆ ಪೂರ್ತಿ ವಸ್ತುವಿನ ಲೆಕ್ಕಕ್ಕೆ ಹೋಗುತ್ತದೆ.

ಗೆಟ್ಸಿಂಗರ್ ಸೂತ್ರದಿಂದ ಸಿಗುವ ಸರಳ ಅಂದಾಜು:

ಮಿತಿ ಫ್ರೀಕ್ವೆನ್ಸಿ = ಇಂಪಿಡೆನ್ಸ್ ÷ (2.513 × ದಪ್ಪ) = 50 ÷ (2.513 × 0.8) = 24.9 ಗಿಗಾಹರ್ಟ್ಸ್
ಗ = 0.6 + 0.009 × ಇಂಪಿಡೆನ್ಸ್ = 1.05
ಕಳೆಯಬೇಕಾದ್ದು = (ಡಿಕೆ − ಪರಿಣಾಮಿ ಡಿಕೆ) × ಗ × (ಫ್ರೀಕ್ವೆನ್ಸಿ ÷ ಮಿತಿ ಫ್ರೀಕ್ವೆನ್ಸಿ)²

2.631 ಗಿಗಾಹರ್ಟ್ಸ್‌ಗೆ ಇದು 0.013. ಪರಿಣಾಮಿ ಡಿಕೆಯಿಂದ ಕಳೆದು ಮತ್ತೆ ಐದನೇ ಹಂತದ ಕೊನೆಯ ಸೂತ್ರ ಹಾಕಿದರೆ ಡಿಕೆ 4.36. ಇಲ್ಲಿ ವ್ಯತ್ಯಾಸ 0.02 ಅಷ್ಟೇ. 5.2 ಗಿಗಾಹರ್ಟ್ಸ್‌ನಲ್ಲಿ ಅದು 0.07, 10 ಗಿಗಾಹರ್ಟ್ಸ್‌ನಲ್ಲಿ 0.2 ದಾಟುತ್ತದೆ. 1.6 ಮಿ.ಮೀ. ಬೋರ್ಡಿನಲ್ಲಿ ಇದೇ ಫ್ರೀಕ್ವೆನ್ಸಿಗಳಿಗೆ ಸರಿಸುಮಾರು ನಾಲ್ಕು ಪಟ್ಟು. ಆದ್ದರಿಂದ 5 ಗಿಗಾಹರ್ಟ್ಸ್ ಮೇಲೆ ಕೆಲಸವಿದ್ದರೆ ತೆಳು ಬೋರ್ಡಿನಲ್ಲಿ ಅಳೆಯಿರಿ, ಅಥವಾ ಇನ್ನೂ ನಿಖರವಾದ ಕಿರ್ಶ್ನಿಂಗ್–ಯಾನ್ಸೆನ್ ಸೂತ್ರ ಬಳಸಿ. ಪೂರ್ಣ ತರಂಗ ಸಿಮ್ಯುಲೇಟರ್ ಇದ್ದವರು ಅದೇ ರಿಂಗನ್ನು ಅಳೆದ ಅಳತೆಗಳೊಂದಿಗೆ ಬಿಡಿಸಿ, ಶಿಖರ ಹೊಂದುವವರೆಗೆ ಡಿಕೆ ಬದಲಿಸುವುದು ಎಲ್ಲಕ್ಕಿಂತ ಮೇಲು. ಸಂದು, ತಾಮ್ರದ ದಪ್ಪ, ಡಿಸ್ಪರ್ಶನ್ ಎಲ್ಲವೂ ಅದರಲ್ಲೇ ಸೇರಿಹೋಗುತ್ತವೆ.

7. ಲಾಸ್ ಟ್ಯಾಂಜೆಂಟ್

ಶಿಖರದಿಂದ 3 ಡೆಸಿಬಲ್ ಕೆಳಗೆ ಎಡಬಲ ಎರಡು ಬಿಂದು ಗುರುತಿಸಿ. ನಮ್ಮ ಉದಾಹರಣೆಯಲ್ಲಿ ಅಂತರ 58 ಮೆಗಾಹರ್ಟ್ಸ್, ಶಿಖರದ ಎತ್ತರ ಮೈನಸ್ 32 ಡೆಸಿಬಲ್ ಎನ್ನೋಣ. ಕ್ಯೂ = 2631 ÷ 58 = 45.4. ಇದರಲ್ಲಿ ಫೀಡ್‌ಗಳಿಗೆ ಸೋರಿದ ಪಾಲೂ ಸೇರಿದೆ. ಅದನ್ನು ತೆಗೆಯಲು 1 − 10^(−32÷20), ಅಂದರೆ 0.975ರಿಂದ ಭಾಗಿಸಿ: 46.5.

ಉಳಿದ ನಷ್ಟದಲ್ಲಿ ತಾಮ್ರದ ಪಾಲು, ಡೈಎಲೆಕ್ಟ್ರಿಕ್‌ನ ಪಾಲು ಎರಡೂ ಇವೆ. ತಾಮ್ರದ ಮೇಲ್ಮೈ ರೋಧ 0.00825 × √ಫ್ರೀಕ್ವೆನ್ಸಿ, 2.631 ಗಿಗಾಹರ್ಟ್ಸ್‌ಗೆ 0.0134 ಓಮ್. ಬೋರ್ಡ್ ಮೇಲಿನ ತರಂಗಾಂತರ 188.50 ÷ 3 = 62.83 ಮಿ.ಮೀ.

ತಾಮ್ರದ ಕ್ಯೂ = ಪೈ × ಇಂಪಿಡೆನ್ಸ್ × ಅಗಲ ÷ (ಮೇಲ್ಮೈ ರೋಧ × ತರಂಗಾಂತರ) = ಸುಮಾರು 280

1 ÷ 46.5 ರಿಂದ 1 ÷ 280 ಕಳೆದರೆ 0.0179. ಕ್ಷೇತ್ರದ ಒಂದು ಭಾಗ ಗಾಳಿಯಲ್ಲಿರುವುದರಿಂದ ಇದನ್ನು ಭರ್ತಿ ಅಂಶದಿಂದ ಭಾಗಿಸಬೇಕು. ಭರ್ತಿ ಅಂಶ = ಡಿಕೆ × (ಪರಿಣಾಮಿ ಡಿಕೆ − 1) ÷ [ಪರಿಣಾಮಿ ಡಿಕೆ × (ಡಿಕೆ − 1)], ಇಲ್ಲಿ 0.90. ಲಾಸ್ ಟ್ಯಾಂಜೆಂಟ್ 0.0198.

ಎಫ್‌ಆರ್‌4ಗೆ ಇದು ನಂಬಬಹುದಾದ ಅಂಕಿ, ಏಕೆಂದರೆ ನಷ್ಟದ ಬಹುಪಾಲು ಡೈಎಲೆಕ್ಟ್ರಿಕ್‌ನದೇ. ಕಡಿಮೆ ನಷ್ಟದ ಲ್ಯಾಮಿನೇಟಿಗೆ ಇದೇ ಲೆಕ್ಕ ಕೈಕೊಡುತ್ತದೆ. ಲಾಸ್ ಟ್ಯಾಂಜೆಂಟ್ 0.0037 ಇದ್ದರೆ ಡೈಎಲೆಕ್ಟ್ರಿಕ್‌ನ ಕ್ಯೂ 300, ತಾಮ್ರದ್ದು 280. ಅರ್ಧಕ್ಕರ್ಧ ನಷ್ಟ ತಾಮ್ರದ್ದು. ಮೇಲಿನ ಸೂತ್ರ ನುಣುಪಾದ ತಾಮ್ರವನ್ನು ಊಹಿಸುತ್ತದೆ. ನಿಜವಾದ ತಾಮ್ರದ ಹಾಳೆ ಬೋರ್ಡಿಗೆ ಹಿಡಿದುಕೊಳ್ಳಲೆಂದು ಕೆಲವು ಮೈಕ್ರಾನ್‌ನಷ್ಟು ಒರಟಾಗಿರುತ್ತದೆ, ಆದರೆ 10 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ಹರಿಯುವ ಆಳ 0.66 ಮೈಕ್ರಾನ್. ಒರಟುತನದಿಂದ ತಾಮ್ರದ ಕ್ಯೂ 280ರಿಂದ 220ಕ್ಕೆ ಇಳಿದಿದ್ದು ನಿಮಗೆ ತಿಳಿಯದೇ ಹೋದರೆ ಲಾಸ್ ಟ್ಯಾಂಜೆಂಟ್ ಶೇಕಡಾ 30ರಷ್ಟು ತಪ್ಪು ಬರುತ್ತದೆ. ಇಂಥ ವಸ್ತುಗಳಿಗೆ ರಿಂಗಿನಿಂದ ಡಿಕೆ ಮಾತ್ರ ತೆಗೆದುಕೊಳ್ಳಿ, ನಷ್ಟಕ್ಕೆ ಕ್ಯಾವಿಟಿ ವಿಧಾನ (ಲೋಹದ ಪೆಟ್ಟಿಗೆಯೊಳಗಿನ ಅನುರಣನದಿಂದ ಅಳೆಯುವುದು) ಬಳಸಿ.

8. ಉತ್ತರ ಸರಿಯಿದೆಯೇ ಎಂದು ಪರೀಕ್ಷಿಸಿ

ಆರೂ ಶಿಖರಗಳ ಡಿಕೆಯನ್ನು ಗ್ರಾಫ್‌ನಲ್ಲಿ ಇಡಿ. ಗೆರೆ ಬಲಕ್ಕೆ ಹೋದಂತೆ ನಿಧಾನವಾಗಿ ಇಳಿಯಬೇಕು. ನಷ್ಟವಿರುವ ವಸ್ತುವಿನ ಡಿಕೆ ಈ ಶ್ರೇಣಿಯಲ್ಲಿ ಫ್ರೀಕ್ವೆನ್ಸಿಯೊಂದಿಗೆ ಏರುವುದಿಲ್ಲ. ನಷ್ಟಕ್ಕೂ ಇಳಿತಕ್ಕೂ ಭೌತಶಾಸ್ತ್ರದ ಗಟ್ಟಿ ನಂಟಿದೆ. ಫ್ರೀಕ್ವೆನ್ಸಿ ಹತ್ತು ಪಟ್ಟಾದಾಗ ಡಿಕೆ ಸುಮಾರು 1.47 × ಡಿಕೆ × ಲಾಸ್ ಟ್ಯಾಂಜೆಂಟ್‌ನಷ್ಟು ಇಳಿಯಬೇಕು. ನಮ್ಮ ಬೋರ್ಡಿಗೆ ಅದು 0.13.

ಮೂರನೇ ಶಿಖರದಿಂದ ಆರನೆಯದಕ್ಕೆ ಫ್ರೀಕ್ವೆನ್ಸಿ ಎರಡು ಪಟ್ಟು, ನಿಜವಾದ ಇಳಿತ 0.04. ಡಿಸ್ಪರ್ಶನ್ ಇದೇ ಅಂತರದಲ್ಲಿ 0.05 ಮೇಲಕ್ಕೆ ತಳ್ಳುತ್ತದೆ. ತಿದ್ದುಪಡಿ ಮಾಡದವರ ಗ್ರಾಫ್ ಮಟ್ಟಸವಾಗಿ ಅಥವಾ ತುಸು ಏರಿದಂತೆ ಕಾಣುವುದು ಈ ಕಾರಣಕ್ಕೆ. "ಡಿಕೆ ಎಲ್ಲ ಫ್ರೀಕ್ವೆನ್ಸಿಗೂ ಒಂದೇ ಬಂತು" ಎಂದು ಸಂತೋಷಪಡುವ ಮುನ್ನ ಆರನೇ ಹಂತವನ್ನು ಇನ್ನೊಮ್ಮೆ ನೋಡಿ.

ಎರಡನೇ ಪರೀಕ್ಷೆ: ಅದೇ ಬೋರ್ಡಿನಲ್ಲಿ 40 ಮತ್ತು 90 ಮಿ.ಮೀ. ಉದ್ದದ ಎರಡು 50 ಓಮ್ ಟ್ರೇಸ್‌ಗಳನ್ನು ಮಾಡಿಸಿ, ಎರಡರ ಎಸ್21 ಫೇಸ್ ವ್ಯತ್ಯಾಸ ಅಳೆಯಿರಿ. ಕನೆಕ್ಟರುಗಳು ಎರಡರಲ್ಲೂ ಒಂದೇ ಆದ್ದರಿಂದ ಅವುಗಳ ಪಾಲು ಕಳೆದುಹೋಗುತ್ತದೆ, ಉಳಿಯುವುದು 50 ಮಿ.ಮೀ. ಟ್ರೇಸ್‌ನ ಫೇಸ್.

ಪರಿಣಾಮಿ ಡಿಕೆ = [ ಫೇಸ್ ವ್ಯತ್ಯಾಸ × 299.79 ÷ (360 × ಫ್ರೀಕ್ವೆನ್ಸಿ × 50) ]²

2.631 ಗಿಗಾಹರ್ಟ್ಸ್‌ನಲ್ಲಿ 286.5 ಡಿಗ್ರಿ ಬಂದರೆ ರಿಂಗಿನ 3.289ಕ್ಕೆ ಹೊಂದುತ್ತದೆ. ವಿಎನ್‌ಎ ಫೇಸನ್ನು ಮೈನಸ್ 180ರಿಂದ 180ರೊಳಗೆ ಮಡಚಿ ತೋರಿಸುತ್ತದೆ. ಕಡಿಮೆ ಫ್ರೀಕ್ವೆನ್ಸಿಯಿಂದ ಬಿಡಿಸಿಕೊಂಡು ಬರದಿದ್ದರೆ 286.5ರ ಬದಲು 73.5 ಓದಿಕೊಳ್ಳುತ್ತೀರಿ. ಎರಡು ವಿಧಾನಗಳಲ್ಲಿ ಶೇಕಡಾ ಒಂದರಷ್ಟು ವ್ಯತ್ಯಾಸ ಸಹಜ: ನೇರ ಟ್ರೇಸ್ ಗಾಜಿನ ನೂಲಿನ ಮೇಲೋ ಎರಡು ನೂಲಿನ ನಡುವೆಯೋ ಬೀಳಬಹುದು, ರಿಂಗ್ ಎಲ್ಲ ದಿಕ್ಕಿಗೂ ಸಾಗಿ ಸರಾಸರಿ ಕೊಡುತ್ತದೆ.

ಎಲ್‌ಸಿಆರ್ ಮೀಟರ್ ಇದ್ದವರಿಗೆ ಮೂರನೇ ಪರೀಕ್ಷೆಯೂ ಇದೆ. ಎರಡೂ ಬದಿ ತಾಮ್ರ ಇರುವ 100 × 100 ಮಿ.ಮೀ. ತುಂಡಿನ ಕೆಪಾಸಿಟೆನ್ಸ್ 1 ಮೆಗಾಹರ್ಟ್ಸ್‌ನಲ್ಲಿ ಅಳೆಯಿರಿ. ದಪ್ಪ 0.8 ಆಗಿದ್ದು 530 ಪಿಕೊಫ್ಯಾರಡ್ ಬಂದರೆ ಡಿಕೆ 4.8. 1 ಮೆಗಾಹರ್ಟ್ಸ್‌ನಿಂದ 2.6 ಗಿಗಾಹರ್ಟ್ಸ್‌ಗೆ ಮೂರೂವರೆ ಹತ್ತುಪಟ್ಟು ದೂರ, 0.4ರ ಆಸುಪಾಸು ಇಳಿತ. 4.36ಕ್ಕೆ ಸರಿಯಾಗಿ ಕೂರುತ್ತದೆ. ಡೇಟಾಶೀಟಿನಲ್ಲಿ 1 ಮೆಗಾಹರ್ಟ್ಸ್‌ಗೆ ಕೊಟ್ಟ 4.7 ಅನ್ನು ಆಂಟೆನಾ ವಿನ್ಯಾಸಕ್ಕೆ ಬಳಸಬಾರದು ಎಂಬುದಕ್ಕೆ ಇದೇ ಲೆಕ್ಕ ಆಧಾರ.

ಡೇಟಾಶೀಟಿನ ಎರಡು ಡಿಕೆ

ಮೈಕ್ರೊವೇವ್ ಲ್ಯಾಮಿನೇಟುಗಳ ಡೇಟಾಶೀಟಿನಲ್ಲಿ ಎರಡು ಡಿಕೆ ಕಂಡು ಗೊಂದಲಗೊಳ್ಳುವವರು ಬಹಳ. ರೋಜರ್ಸ್ ಆರ್‌ಒ4350ಬಿಗೆ 3.48 ಎಂದೂ ಇದೆ, ವಿನ್ಯಾಸಕ್ಕೆ 3.66 ಎಂದೂ ಇದೆ. ಮೊದಲನೆಯದು ತಾಮ್ರ ತೆಗೆದ ಹಾಳೆಯನ್ನು ಸ್ಟ್ರಿಪ್‌ಲೈನ್ (ಎರಡು ಗ್ರೌಂಡ್‌ಗಳ ನಡುವೆ ಟ್ರೇಸ್ ಇರುವ) ಫಿಕ್ಸ್ಚರ್‌ನಲ್ಲಿ ಒತ್ತಿಹಿಡಿದು 10 ಗಿಗಾಹರ್ಟ್ಸ್‌ನಲ್ಲಿ ಅಳೆದದ್ದು, ತಯಾರಿಕೆಯ ಗುಣಮಟ್ಟ ಕಾಯಲು ಉಪಯೋಗ. ಒತ್ತಿದಾಗಲೂ ಉಳಿಯುವ ಗಾಳಿಯ ಪದರ ಅಂಕಿಯನ್ನು ತಗ್ಗಿಸುತ್ತದೆ, ಸರ್ಕ್ಯೂಟ್‌ನಲ್ಲಿ ತಾಮ್ರದ ಒರಟುತನ ಅಲೆಯನ್ನು ನಿಧಾನಿಸಿ ಏರಿಸುತ್ತದೆ. ಮೈಕ್ರೊಸ್ಟ್ರಿಪ್ ವಿನ್ಯಾಸಕ್ಕೆ 3.66 ಬಳಸಿ. ನಿಮ್ಮ ರಿಂಗ್ ಅಳತೆಯನ್ನೂ ಅದಕ್ಕೇ ಹೋಲಿಸಿ, 3.48ಕ್ಕಲ್ಲ. ತೆಳು ಬೋರ್ಡಿನಲ್ಲಿ ಒರಟುತನದ ಪ್ರಭಾವ ಹೆಚ್ಚು, ಅಲ್ಲಿ ರಿಂಗಿನ ಉತ್ತರ ಇನ್ನೂ ಮೇಲೆ ಬಂದರೆ ಅಳತೆ ತಪ್ಪಿದೆ ಎಂದು ತೀರ್ಮಾನಿಸಬೇಡಿ.

ರಿಂಗ್ ಒಗ್ಗದ ವಸ್ತುಗಳು

ತಾಮ್ರ ಹಚ್ಚಲಾಗದ ಪ್ಲಾಸ್ಟಿಕ್, 3ಡಿ ಪ್ರಿಂಟ್ ಮಾಡಿದ ತುಂಡು, ಸೆರಾಮಿಕ್ ಇವಕ್ಕೆ ವೇವ್‌ಗೈಡ್ (ಅಲೆ ಸಾಗುವ ಟೊಳ್ಳು ಲೋಹದ ಕೊಳವೆ) ವಿಧಾನ ಬಳಸಬಹುದು. ಎಕ್ಸ್ ಬ್ಯಾಂಡಿನ ಡಬ್ಲ್ಯೂಆರ್-90 ವೇವ್‌ಗೈಡ್ ಆದರೆ ತುಂಡನ್ನು 22.86 × 10.16 ಮಿ.ಮೀ.ಗೆ ಕತ್ತರಿಸಿ ಒಳಗೆ ಕೂರಿಸಿ, ಎಸ್11 (ಮೊದಲ ಪೋರ್ಟಿಗೇ ಎಷ್ಟು ಮರಳುತ್ತದೆ ಎಂಬುದು) ಮತ್ತು ಎಸ್21ರಿಂದ ನಿಕಲ್ಸನ್–ರಾಸ್–ವಿಯರ್ ಲೆಕ್ಕ ಹಾಕಬೇಕು. ಎರಡು ಅಪಾಯ ನೆನಪಿರಲಿ. ತುಂಡಿನ ಮೇಲೆ ಅಥವಾ ಕೆಳಗೆ, ಅಗಲದ ಗೋಡೆಯ ಪಕ್ಕ, ಕೂದಲೆಳೆಯಷ್ಟು ಗಾಳಿ ಸಂದು ಉಳಿದರೂ ಡಿಕೆ ಕಡಿಮೆ ಬರುತ್ತದೆ, ಡಿಕೆ ಹೆಚ್ಚಿದ್ದಷ್ಟೂ ತಪ್ಪು ದೊಡ್ಡದು. ತುಂಡಿನ ಉದ್ದ ಅದರೊಳಗಿನ ಅರ್ಧ ತರಂಗಾಂತರಕ್ಕೆ ಸಮನಾದರೆ ಎಸ್11 ಶೂನ್ಯದ ಹತ್ತಿರ ಹೋಗಿ ಉತ್ತರ ಹುಚ್ಚಾಪಟ್ಟೆ ಏರಿಳಿಯುತ್ತದೆ, ಹಾಗಾಗಿ ಉದ್ದವನ್ನು ಕಾಲು ತರಂಗಾಂತರದ ಸುತ್ತ ಇಡಿ. ದ್ರವಗಳಿಗೆ ತುದಿ ತೆರೆದ ಕೋಆಕ್ಸಿಯಲ್ ಪ್ರೋಬ್ ಸೂಕ್ತ. ಪ್ರೋಬ್ ಮುಳುಗಿಸಿದಾಗ ಅದರ ಮುಖಕ್ಕೆ ಗಾಳಿಗುಳ್ಳೆ ಅಂಟದಂತೆ ಓರೆಯಾಗಿ ಇಳಿಸಿ.

ಫಲಿತಾಂಶ ಬರೆದಿಡುವಾಗ ಬರಿ 4.36 ಎಂದು ಬರೆಯಬೇಡಿ. "4.36, 2.63 ಗಿಗಾಹರ್ಟ್ಸ್‌ನಲ್ಲಿ, 0.80 ಮಿ.ಮೀ., ಮೈಕ್ರೊಸ್ಟ್ರಿಪ್ ರಿಂಗ್, ಒಣಗಿಸಿದ ಬೋರ್ಡ್, 25 ಡಿಗ್ರಿ, ಡಿಸ್ಪರ್ಶನ್ ಕಳೆದದ್ದು" ಎಂದು ಬರೆಯಿರಿ. ಲ್ಯಾಮಿನೇಟಿನ ಪೂರ್ಣ ಮಾದರಿ ಹೆಸರು, ಲಾಟ್ ಸಂಖ್ಯೆ ಸಿಕ್ಕರೆ ಅವೂ ಪಕ್ಕದಲ್ಲಿರಲಿ. ಮುಂದಿನ ಲಾಟಿನ ಬೋರ್ಡ್ ಬಂದಾಗ ಇಡೀ ಕೆಲಸ ಮತ್ತೆ ಮಾಡಬೇಕಿಲ್ಲ: ಅದೇ ಫೈಲ್, ಅದೇ ರಿಂಗ್, ಮೂರನೇ ಶಿಖರ ಒಂದನ್ನು ನೋಡಿದರೆ ಸಾಕು. ಶಿಖರ 13 ಮೆಗಾಹರ್ಟ್ಸ್ ಸರಿದಿದ್ದರೆ ಪರಿಣಾಮಿ ಡಿಕೆ ಶೇಕಡಾ ಒಂದರಷ್ಟು ಬದಲಾಗಿದೆ.